7 ಕೆಜಿ ಬ್ಯಾಟರಿ, 85 ಕೆಜಿ ನೀವು

ಮೊನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ, ಬಾತ್‌ರೂಮಿನ ತೂಕದ ಮಷೀನ್ ಮೇಲೆ ಕಾರಿನ ಬ್ಯಾಟರಿ ಅವುಚಿಕೊಂಡು ನಿಂತಿದ್ದು ನೀವೇ ತಾನೇ? ಸುಳ್ಳು ಹೇಳ್ಬೇಡಿ. ಮೊದಲು ಬ್ಯಾಟರಿ ಜೊತೆ, ಆಮೇಲೆ ಬ್ಯಾಟರಿ ಇಲ್ಲದೆ. ಕಳೆದು ನೋಡಿದರೆ 13 ಕೆಜಿ. 'ಅಯ್ಯಯ್ಯೋ, ಇಷ್ಟೊಂದು ಭಾರವಾ!' ಅಂತ ಹೌಹಾರಿದಿರಿ. (ಬ್ಯಾಟರಿ ಕೆಳಗಿಟ್ಟು ನಿಂತಾಗ ಮಷೀನ್ ತೋರಿಸಿದ ಅಂಕಿ ಮಾತ್ರ ಕಣ್ಣಿಗೆ ಬೀಳಲೇ ಇಲ್ಲ, ಅಲ್ವಾ?)

ಇರಲಿ ಬಿಡಿ, ನಿಮ್ಮೊಬ್ಬರ ಕಥೆಯಲ್ಲ ಇದು. ಇಂಗ್ಲೆಂಡಿಗೆ ಕೆಲಸಕ್ಕೆ ಅಂತ ಹೋದಿರಿ. ಗ್ಯಾರೇಜ್ ಇರೋ ಮನೆ ಸಿಕ್ಕಿತು. ಊರಿನ ಉಪ್ಪಿನಕಾಯಿ ಭರಣಿ ಇಡೋಕೆ ಅಂತ ಮನೆಯವರು ಅಂದ್ಕೊಂಡಿದ್ದ ಜಾಗದಲ್ಲಿ ಈಗ ಒಂದು ಕಬ್ಬಿಣದ ಅಸ್ಥಿಪಂಜರ ಕೂತಿದೆ. 'ಕಿಟ್ ಕಾರ್' ಅಂತೀರಿ ನೀವು. ಅವರು ಏನಂತಾರೋ ಇಲ್ಲಿ ಬರೆಯೋ ಹಾಗಿಲ್ಲ.

ಈ ರೋಗ ಹಚ್ಚಿದ ಪುಣ್ಯಾತ್ಮ ಕಾಲಿನ್ ಚಾಪ್‌ಮನ್. 1957ರಲ್ಲಿ ಲೋಟಸ್ ಸೆವೆನ್ ಅಂತ ಒಂದು ಪುಟಾಣಿ ಕಾರ್ ತಂದ. ಬಾಗಿಲಿನ ಗೊಡವೆ ಇಲ್ಲ, ಚಾವಣಿ ಅನ್ನೋದು ಹೆಸರಿಗೊಂದು ಬಟ್ಟೆ. ತೂಕ ಇಳಿಸೋದೇ ಆತನ ಜಪ. ಆಗ ಬ್ರಿಟನ್ನಿನಲ್ಲಿ ಜೋಡಿಸಿದ ಕಾರಿಗೆ ಪರ್ಚೇಸ್ ಟ್ಯಾಕ್ಸ್, ಬಿಡಿಭಾಗದ ಕಿಟ್‌ಗೆ ಇಲ್ಲ. ಸರಿ, 'ನೀವೇ ಜೋಡಿಸ್ಕೊಳ್ಳಿ' ಅಂತ ಬಿಡಿಬಿಡಿಯಾಗೇ ಮಾರಿದ. (ತೆರಿಗೆ ಉಳಿಯುತ್ತೆ ಅಂದ್ರೆ ನಾವಷ್ಟೇ ಅಲ್ಲ, ದೊರೆಗಳೂ ಸ್ಪ್ಯಾನರ್ ಹಿಡೀತಾರೆ.)

1973ರಲ್ಲಿ ವ್ಯಾಟ್ ಬಂತು, ಆ ಲಾಭ ಹೋಯ್ತು. ಸೆವೆನ್ ಮಾಡೋ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯ್ತು. ಹುಚ್ಚು ಮಾತ್ರ ಎಲ್ಲೂ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಅನ್ನೋರು, ಹಳೇ ಫೋರ್ಡ್ ಎಸ್ಕಾರ್ಟ್ ಬಿಚ್ಚಿ 250 ಪೌಂಡಿನಲ್ಲೇ ಸ್ಪೋರ್ಟ್ಸ್ ಕಾರ್ ಕಟ್ಟಬಹುದು ಅಂತ ಪುಸ್ತಕಾನೇ ಬರೆದರು. (ಆ 250 ಪೌಂಡು ಇವತ್ತು ಒಂದು ಲಿಥಿಯಂ ಬ್ಯಾಟರಿಗೇ ಸಾಲದೆ ಹೋಗಬಹುದು. ಅಲ್ಲಿಗೇ ಬರ್ತೀನಿ, ತಾಳಿ.)

ಬೆಂಗಳೂರಲ್ಲಿ ಕೂತು ಯೂಟ್ಯೂಬ್ ನೋಡ್ತಾ 'ನಾನೂ ಒಂದು ಕಟ್ತೀನಿ' ಅಂತಿರೋರು ಸ್ವಲ್ಪ ತಡ್ಕೊಳ್ಳಿ. ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಷನ್ ಮೀರಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿಬಿಟ್ಟಿದೆ. ಗ್ಯಾರೇಜಲ್ಲಿ ಹುಟ್ಟಿದ ಕಾರನ್ನ ಆರ್‌ಟಿಓ ಆಫೀಸಿಗೆ ಒಯ್ದರೆ ಆಗೋ ಫಜೀತಿ ನೀವೇ ಊಹಿಸ್ಕೊಳ್ಳಿ. ಆದರೂ ಎದ್ದು ಹೋಗ್ಬೇಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಕವರ್ ಹೊದ್ದು ಮಲಗಿರೋ ನಿಮ್ಮ ಎರಡನೇ ಕಾರಿಗೂ ಮುಂದೆ ಹೇಳೋ ಬ್ಯಾಟರಿ ಮಾತು ಹೊಂದುತ್ತೆ.

ಈಗ ವಿಷಯಕ್ಕೆ ಬರೋಣ. ನಿಮಗೆ ಬೇಕಾಗಿರೋದು ಸಣ್ಣ ಬ್ಯಾಟರಿ. ಯಾಕೆ? 'ತೂಕ ಉಳಿಯುತ್ತೆ.' ಎಷ್ಟು? 'ಆರು ಕೆಜಿ.' ಸರಿ, ಆರು ಕೆಜಿ ಅಂದ್ರೆ ಸುಮಾರು ಎಂಟು ಲೀಟರ್ ಪೆಟ್ರೋಲ್. ಟ್ಯಾಂಕ್ ಫುಲ್ ಮಾಡಿಸೋ ಬದಲು ಎಂಟು ಲೀಟರ್ ಕಡಿಮೆ ಹಾಕಿಸಿದ್ರೆ ಅಷ್ಟೇ ತೂಕ ಉಳೀತು, ದುಡ್ಡೂ ಜೇಬಲ್ಲೇ ಉಳೀತು. ಆದರೆ ಹಾಗೆ ಮಾಡಿದ್ರೆ ನಾಲ್ಕು ಜನಕ್ಕೆ ತೋರಿಸೋಕೆ ಏನಿರುತ್ತೆ, ಅಲ್ವೇ?

ನಾನು ಅಣಕಿಸ್ತಿದ್ದೀನಿ ಅಂತ ಮುನಿಸ್ಕೋಬೇಡಿ. ಸಣ್ಣ ಬ್ಯಾಟರಿಗೆ ನ್ಯಾಯವಾದ ಕಾರಣಗಳೂ ಇವೆ. ಸೆವೆನ್ ಜಾತಿಯ ಕಾರಲ್ಲಿ ಜಾಗ ಅನ್ನೋದೇ ಇಲ್ಲ. ಬಾನೆಟ್ ಎತ್ತಿದ್ರೆ ಎಂಜಿನ್, ಅದರ ಹಿಂದೆ ನಿಮ್ಮ ಕಾಲು. ಇವೆರಡರ ಮಧ್ಯೆ ಇರೋ ಗೂಡಿನಂಥ ಜಾಗದಲ್ಲಿ ದೊಡ್ಡ ಡಬ್ಬ ಹಿಡಿಯೋದೇ ಇಲ್ಲ. ಕಾರೂ ಅಷ್ಟೇ ಚಿಕ್ಕದು: ಕೇಟರ್‌ಹ್ಯಾಮ್ ಸೆವೆನ್ 170ರ ತೂಕ 440 ಕೆಜಿ, ಎಂಜಿನ್ 660 ಸಿಸಿ ಸುಜುಕಿ. (ನಮ್ಮ ಮಾರುತಿ 800ರ ಎಂಜಿನ್ನೇ 796 ಸಿಸಿ ಇತ್ತು ಕಣ್ರೀ!)

ಹಾಗಾದ್ರೆ ಎಷ್ಟು ಸಣ್ಣದು ಸಾಕು? ಅಂಗಡಿಯಲ್ಲಿ ನೀವು ಮೊದಲು ಕೇಳೋದು 'ಎಷ್ಟು ಆಂಪ್-ಅವರ್?' ಅಂತ. ಅಂಗಡಿಯವನು 'ಸಿಸಿಎ ನೋಡಿ ಸರ್' ಅಂತಾನೆ. ನೀವು 'ಹೌದೌದು, ಸಿಸಿಎ' ಅಂತ ಗಂಭೀರವಾಗಿ ತಲೆ ಅಲ್ಲಾಡಿಸ್ತೀರಿ. ಗೊತ್ತಿತ್ತಾ? (ನನ್ನ ಹತ್ರ ಏನು ನಾಚಿಕೆ, ಹೇಳಿ.)

ಮದುವೆ ಮನೆ ಊಟ ನೆನಪಿಸ್ಕೊಳ್ಳಿ. ಕೊಳದಪ್ಪಲೆಯಲ್ಲಿ ಎಷ್ಟು ಸಾರಿದೆ ಅನ್ನೋದು ಆಂಪ್-ಅವರ್. ಬಡಿಸೋನ ಕೈ ಎಷ್ಟು ಜೋರು ಅನ್ನೋದು ಸಿಸಿಎ, ಅಂದ್ರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ದಪ್ಪಲೆ ಚಿಕ್ಕದಾದ್ರೂ ಕೈ ಜೋರಾಗಿದ್ರೆ ಮೊದಲ ಪಂಕ್ತಿ ತೃಪ್ತಿಯಾಗಿ ಎದ್ದು ಹೋಗುತ್ತೆ. ಎರಡನೇ ಪಂಕ್ತಿಗೆ ಕೂತವರ ಪಾಡು ಬೇರೆ.

ಕಾರ್ ಸ್ಟಾರ್ಟ್ ಮಾಡೋದು ಮೊದಲ ಪಂಕ್ತಿ. ಸೆಲ್ಫ್ ಹೊಡೆದಾಗ ಸಾಧಾರಣ ನಾಲ್ಕು ಸಿಲಿಂಡರ್ ಎಂಜಿನ್ ಸುಮಾರು 150 ಆಂಪ್ ಎಳ್ಕೊಳ್ತು ಅನ್ನಿ, ಮೂರು ಸೆಕೆಂಡು. ಗುಣಿಸಿ ನೋಡಿ, ಒಂದು ಆಂಪ್-ಅವರಿನ ಎಂಟರಲ್ಲೊಂದು ಪಾಲು ಬರುತ್ತೆ. ಅಷ್ಟೇ! 16 ಆಂಪ್-ಅವರ್ ಬ್ಯಾಟರಿಯಲ್ಲಿ ನೂರಕ್ಕೆ ಒಂದು ಭಾಗವೂ ಆಗಲಿಲ್ಲ. ಕಾರ್ ಹೊರಟು ಸ್ವಲ್ಪ ಹೊತ್ತಿಗೆ ಆಲ್ಟರ್ನೇಟರ್ ಅದನ್ನ ತುಂಬಿಸಿಬಿಡುತ್ತೆ.

ಅಂದ್ರೆ ಸ್ಟಾರ್ಟ್ ಮಾಡೋದಕ್ಕೆ ಬೇಕಿರೋದು ಜೋರು, ದಾಸ್ತಾನು ಅಲ್ಲ. ಸಿಸಿಎ ಅಳೆಯೋದು ಆ ಜೋರನ್ನೇ, ಅದೂ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ. ಅಮೆರಿಕದ ಲೆಕ್ಕದಲ್ಲಿ 30 ಸೆಕೆಂಡು ಆ ಕರೆಂಟ್ ಕೊಟ್ಟ ಮೇಲೂ ವೋಲ್ಟೇಜು 7.2ಕ್ಕಿಂತ ಕೆಳಗೆ ಬೀಳಬಾರದು. ಯೂರೋಪಿನ ಲೆಕ್ಕ ಬೇರೆ: 10 ಸೆಕೆಂಡು, 7.5 ವೋಲ್ಟ್. ಹಾಗಾಗಿ ಎರಡು ಬ್ಯಾಟರಿ ಹೋಲಿಸೋವಾಗ ಲೇಬಲ್ ಮೇಲೆ ಯಾವ ಲೆಕ್ಕ ಅಂತ ನೋಡ್ಕೊಳ್ಳಿ.

ಇನ್ನೊಂದು ಗುಟ್ಟು, ಹತ್ರ ಬನ್ನಿ. ಕಿಟ್ ಕಾರಿನವರ ಮನೆದೇವರು ಅನ್ನಿಸ್ಕೊಂಡಿರೋ ಒಡಿಸ್ಸಿ ಪಿಸಿ680 ಅನ್ನೋ ಬ್ಯಾಟರಿ ಇದೆಯಲ್ಲ, ಮನೆಯಲ್ಲೇ ವಿಮಾನ ಕಟ್ಟೋರೂ ಅದನ್ನ ಹಾಕ್ಕೋತಾರೆ. ತೂಕ 7 ಕೆಜಿ, 16 ಆಂಪ್-ಅವರ್. ಹೆಸರಲ್ಲಿರೋ 680 ನೋಡಿ 'ಅಬ್ಬಾ, 680 ಸಿಸಿಎ!' ಅಂತ ಹಿಗ್ಗಿದಿರಾ? ಅದರ ಸಿಸಿಎ 170. ಬೆಚ್ಚಗಿನ ದಿನ 1.8 ಲೀಟರ್ ಎಂಜಿನ್ನನ್ನ ಅದು ಸಲೀಸಾಗಿ ಎತ್ತುತ್ತೆ. ಕಂಪ್ರೆಷನ್ ಏರಿಸಿದ ಎಂಜಿನ್, ಜನವರಿ ಬೆಳಗ್ಗೆ, ಗಟ್ಟಿಯಾದ ಆಯಿಲ್ ಮೂರೂ ಸೇರಿದ್ರೆ ಉಸಿರು ಬಿಗಿ ಹಿಡಿದು ಕೀ ತಿರುಗಿಸಬೇಕಾಗುತ್ತೆ.

ಇನ್ನು ಎರಡನೇ ಪಂಕ್ತಿ. ನಿಜವಾದ ಕಥೆ ಇರೋದು ಇಲ್ಲೇ, ನಿಮ್ಮ ಗುಟ್ಟು ರಟ್ಟಾಗೋದೂ ಇಲ್ಲೇ. ಒಂದು ಪ್ರಶ್ನೆ ಕೇಳ್ತೀನಿ, ಎದೆ ಮುಟ್ಕೊಂಡು ಹೇಳಿ: ಈ ಕಾರನ್ನ ಎಷ್ಟು ದಿನಕ್ಕೊಮ್ಮೆ ಓಡಿಸ್ತೀರಿ? 'ಪ್ರತಿ ಭಾನುವಾರ' ಅಂದ್ರಾ? ಇಂಗ್ಲೆಂಡಲ್ಲಿ? ಚಾವಣಿ ಇಲ್ಲದ ಕಾರು? ನವೆಂಬರಿಂದ ಮಾರ್ಚ್ ತನಕ? (ನಗು ಬರ್ತಿದೆ, ಕ್ಷಮಿಸಿ.)

ಕಾರ್ ನಿಂತಿದೆ, ಕೀ ನಿಮ್ಮ ಜೇಬಲ್ಲಿದೆ. ಆದ್ರೂ ಒಳಗೆ ಯಾರೋ ಮೇಯ್ತಾ ಇರ್ತಾರೆ. ಅಲಾರ್ಮು, ಇಮೊಬಿಲೈಸರು, ಕಳ್ಳರ ಭಯಕ್ಕೆ ಹಾಕಿಸಿದ ಟ್ರ್ಯಾಕರು. ಎಲ್ಲ ಸೇರಿ 30 ಮಿಲಿಆಂಪ್ ಅನ್ನಿ. ಏನು ಮಹಾ, ಅಂತೀರಿ. ದಿನಕ್ಕೆ 0.72 ಆಂಪ್-ಅವರ್ ಆಯ್ತು. ಹತ್ತು ದಿನಕ್ಕೆ 7.2. ನಿಮ್ಮ 16 ಆಂಪ್-ಅವರ್ ಬ್ಯಾಟರಿ ಹೆಚ್ಚುಕಮ್ಮಿ ಅರ್ಧಕ್ಕಿಳೀತು. ಮೂರು ವಾರ ದಾಟಿದ್ರೆ ತಳ ಕಾಣುತ್ತೆ. ಅದೇ ಜಾಗದಲ್ಲಿ ನೀವು ಬೈದು ಎತ್ತಿ ಬಿಸಾಕಿದ 45 ಆಂಪ್-ಅವರಿನ ಹಳೇ ಬ್ಯಾಟರಿ ಇದ್ದಿದ್ರೆ ಎರಡು ತಿಂಗಳು ತಳ್ಳುತ್ತಿತ್ತು.

ಲೆಡ್ ಆಸಿಡ್ ಬ್ಯಾಟರಿ ಖಾಲಿ ಹೊಟ್ಟೆಯಲ್ಲಿ ಕೂರೋ ಜಾತಿಯಲ್ಲ. ಡೌನ್ ಆಗಿ ಹಾಗೇ ಬಿದ್ದಿದ್ರೆ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂತ್ಕೊಳ್ಳುತ್ತೆ, ಆಮೇಲೆ ಎಷ್ಟು ಚಾರ್ಜ್ ಹಾಕಿದ್ರೂ ಹಳೇ ಕಸುವು ಬರಲ್ಲ. ಆಗ ನೀವೇನ್ ಮಾಡ್ತೀರಿ? 'ಈ ಕಂಪನಿ ಬ್ಯಾಟರಿ ಸರಿ ಇಲ್ಲ' ಅಂತ ತೀರ್ಪು ಕೊಟ್ಟು ಇನ್ನೊಂದು ತರ್ತೀರಿ. ಅದೂ ಸಣ್ಣದೇ. ಅದನ್ನೂ ಕವರ್ ಕೆಳಗೆ ಮಲಗಿಸ್ತೀರಿ.

'ತಳ್ಳಿ ಸ್ಟಾರ್ಟ್ ಮಾಡ್ತೀನಿ, 500 ಕೆಜಿ ಕಾರು ತಾನೇ' ಅನ್ನೋ ಉತ್ತರ ನಿಮ್ಮ ನಾಲಿಗೆ ತುದೀಲಿದೆ, ಗೊತ್ತು. ಕಾರ್ಬ್ಯುರೇಟರ್ ಕಾಲದ ಧೈರ್ಯ ಅದು. ಈಗ ಫ್ಯೂಯಲ್ ಪಂಪಿಗೂ ಇಸಿಯುಗೂ (ಎಂಜಿನ್ನಿನ ಕಂಪ್ಯೂಟರ್) ಇಂಜೆಕ್ಟರಿಗೂ ಕರೆಂಟ್ ಬೇಕು. ಬ್ಯಾಟರಿಯಲ್ಲಿ ಒಂಚೂರು ಜೀವ ಉಳಿದಿದ್ರೆ ತಳ್ಳಿದ್ದಕ್ಕೆ ಫಲ ಸಿಗುತ್ತೆ. ಪೂರ್ತಿ ಸತ್ತಿದ್ರೆ ಬೀದಿ ಕೊನೆ ತನಕ ತಳ್ಳಿ, ಪಕ್ಕದ ಮನೆಯವರ ಎದುರು ಮಾನ ಹೋಗುತ್ತೆ, ಎಂಜಿನ್ ಮಾತ್ರ ಹತ್ತಲ್ಲ.

ಇಸಿಯು ಇನ್ನೊಂದು ಆಟ ಆಡುತ್ತೆ. ಸೆಲ್ಫ್ ಎಳೆದಾಗ ಬಳಲಿದ ಸಣ್ಣ ಬ್ಯಾಟರಿಯ ವೋಲ್ಟೇಜು ತೀರಾ ಕುಸಿದ್ರೆ ಅದು ಮಧ್ಯದಲ್ಲೇ ಕಣ್ಣು ಮುಚ್ಚಿಬಿಡುತ್ತೆ. ಎಂಜಿನ್ ಗರಗರ ತಿರುಗ್ತಾನೇ ಇರುತ್ತೆ, ಹತ್ತೋದೇ ಇಲ್ಲ. ನೀವು ಪ್ಲಗ್ ಬಿಚ್ಚಿ ನೋಡ್ತೀರಿ, ಪೆಟ್ರೋಲ್ ಫಿಲ್ಟರ್ ಬದಲಾಯಿಸ್ತೀರಿ, ಸೆನ್ಸರ್ ಆರ್ಡರ್ ಮಾಡ್ತೀರಿ. ಬ್ಯಾಟರಿ ಮೇಲೆ ಅನುಮಾನ ಬರೋದೇ ಇಲ್ಲ, ಯಾಕಂದ್ರೆ ಅದನ್ನ ಆರಿಸಿದ್ದು ನೀವಲ್ಲವೇ?

ಬೈಕ್ ಎಂಜಿನ್ ಹಾಕಿದ ಮಹಾನುಭಾವರೇ, ಹಿಂದಿನ ಬೆಂಚಲ್ಲಿ ನಗ್ತಿರೋದು ಕಾಣ್ತಿದೆ. ಹಯಬುಸಾ ಎಂಜಿನ್, ಬೈಕಿನದೇ ಬ್ಯಾಟರಿ, ಸಮಸ್ಯೆನೇ ಇಲ್ಲ ಅಂತೀರಿ. ಒಪ್ಪಿದೆ. ಬೈಕಿಗೆ ರಿವರ್ಸ್ ಗೇರ್ ಇಲ್ಲ ಅಂತ ಎಲೆಕ್ಟ್ರಿಕ್ ಮೋಟಾರಲ್ಲಿ ಹಿಂದಕ್ಕೆ ಹೋಗೋ ಏರ್ಪಾಡು ಮಾಡಿದ್ರಲ್ಲ, ಅದಕ್ಕೆ ಕರೆಂಟ್ ಯಾರಪ್ಪನ ಮನೆಯಿಂದ ಬರುತ್ತೆ? ಇಳಿಜಾರಲ್ಲಿ ಮೂಗು ಕೆಳಗೆ ಮಾಡಿ ಪಾರ್ಕ್ ಮಾಡಿ, ಎರಡು ಸಲ ರಿವರ್ಸ್ ಒತ್ತಿ ನೋಡಿ.

ಈಗ ಲಿಥಿಯಂ. ನೀವು ಕಾಯ್ತಾ ಇದ್ದಿದ್ದೇ ಇದಕ್ಕೆ. ಎರಡು-ಮೂರು ಕೆಜಿ ತೂಕದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನ ಒಂದೇ ಕೈಲೆತ್ತಿ ಗೆಳೆಯರಿಗೆ ತೋರಿಸೋ ಸುಖವೇ ಬೇರೆ. ಕರೆಂಟನ್ನೂ ಧಾರಾಳವಾಗಿ ಕೊಡುತ್ತೆ, ಸುಮ್ಮನೆ ಕೂತಾಗ ತಾನಾಗಿ ಸೋರೋದೂ ಕಡಿಮೆ. ಆದರೆ ಡಬ್ಬದ ಮೇಲೆ '18 ಆಂಪ್-ಅವರ್‌ಗೆ ಸಮಾನ' ಅಂತ ಬರೆದಿದ್ರೆ ಆ 'ಸಮಾನ' ಅನ್ನೋದನ್ನ ಎರಡು ಸಲ ಓದಿ. ಸ್ಟಾರ್ಟ್ ಮಾಡೋ ಜೋರಿನಲ್ಲಿ ಸಮಾನ. ಒಳಗಿರೋ ನಿಜವಾದ ದಾಸ್ತಾನು ಎಷ್ಟೋ ಸಲ ಅದರ ಮೂರರಲ್ಲೊಂದು ಪಾಲು.

ಹಾಗಾದ್ರೆ ಟ್ರ್ಯಾಕರ್ ಮೇಯೋ ಲೆಕ್ಕ ಮತ್ತೆ ಹಾಕಿ ನೋಡಿ. ಬೆವರು ಬಂತಾ? ಲಿಥಿಯಂ ತೀರಾ ಖಾಲಿಯಾದ್ರೆ ಕೆಟ್ಟೇ ಹೋಗಬಹುದು. ಒಳಗೆ ಕಾವಲು ಸರ್ಕ್ಯೂಟ್ ಇರೋದಾದ್ರೆ ತಾನೇ ಬಾಗಿಲು ಹಾಕ್ಕೊಂಡು ಕೂರುತ್ತೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಹಾಕೋ ಹಾಗಿಲ್ಲ. ಚಳಿಯಲ್ಲಿ ಸೋಮಾರಿಯಾಗಿರುತ್ತೆ, ಸ್ವಲ್ಪ ಹೊತ್ತು ಹೆಡ್‌ಲೈಟ್ ಹಾಕಿ ಮೈ ಬೆಚ್ಚಗೆ ಮಾಡಿ ಎಬ್ಬಿಸಬೇಕು. (ಬ್ಯಾಟರಿ ಎಬ್ಬಿಸೋಕೆ ಬ್ಯಾಟರಿ ಖರ್ಚು ಮಾಡೋದು. ಮಕ್ಕಳನ್ನ ಸ್ಕೂಲಿಗೆ ಎಬ್ಬಿಸೋ ಕಷ್ಟ ಸಾಲದು ಅಂತ ಇದೊಂದು.)

ಹಳೇ ಚಾರ್ಜರನ್ನೇ ಅದಕ್ಕೂ ಸಿಕ್ಕಿಸ್ತೀನಿ ಅನ್ನೋ ಜುಗ್ಗತನ ಮಾತ್ರ ಬೇಡ. ಲೆಡ್ ಬ್ಯಾಟರಿಯ ಸಲ್ಫೇಟ್ ಬಿಡಿಸೋಕೆ ಕೆಲವು ಚಾರ್ಜರುಗಳು ವೋಲ್ಟೇಜನ್ನ ಜಾಸ್ತಿ ಏರಿಸ್ತವೆ, ಲಿಥಿಯಂಗೆ ಅದು ಆಗಿಬರಲ್ಲ. ಕಾರಿನ ಆಲ್ಟರ್ನೇಟರ್ ಕೂಡ 14.6 ವೋಲ್ಟ್ ಮೀರ್ತಿಲ್ಲ ಅಂತ ಮೀಟರ್ ಇಟ್ಟು ನೋಡಿ. ಟ್ರ್ಯಾಕಿಗೆ ಹೋಗಿ ಸೆಕೆಂಡಿನ ಹತ್ತರಲ್ಲೊಂದು ಪಾಲಿಗೆ ಜಗಳ ಆಡೋರಾದ್ರೆ ಲಿಥಿಯಂ ತಗೊಳ್ಳಿ, ನನ್ನ ತಕರಾರಿಲ್ಲ. ಪಬ್ಬಿನ ಮುಂದೆ ನಿಲ್ಲಿಸಿ ಫೋಟೋ ತೆಗೆಯೋರಾದ್ರೆ ಯಾಕೆ ಸ್ವಾಮಿ?

ನನ್ನನ್ನ ಕೇಳಿದ್ರೆ, ರಸ್ತೆಯಲ್ಲಿ ಓಡೋ ಕಿಟ್ ಕಾರಿಗೆ ಎಜಿಎಂ ಬ್ಯಾಟರಿನೇ ಸರಿ. ಆಸಿಡ್ಡನ್ನ ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತೆ, ಚೆಲ್ಲಲ್ಲ, ಪಕ್ಕಕ್ಕೆ ಮಲಗಿಸಿದ್ರೂ ನಡೆಯುತ್ತೆ (ತಲೆಕೆಳಗೆ ಮಾತ್ರ ಬೇಡ). ಡಿಸ್ಟಿಲ್ಡ್ ವಾಟರ್ ಹಾಕೋ ಉಸಾಬರಿ ಇಲ್ಲ. 1989ರಲ್ಲಿ ಬಂದ ಮೊದಲ ಮಾಜ್ದಾ ಎಂಎಕ್ಸ್-5ರಲ್ಲಿ ಕಂಪನಿಯವರೇ ಈ ಜಾತಿಯ ಬ್ಯಾಟರಿಯನ್ನ ಡಿಕ್ಕಿಯಲ್ಲಿಟ್ಟು, ಗ್ಯಾಸ್ ಹೊರಗೆ ಹೋಗೋಕೆ ಪೈಪನ್ನೂ ಕೊಟ್ಟಿದ್ರು. ನೀವು ಆ ಕಾರನ್ನೇ ಬಿಚ್ಚಿ ಕಿಟ್ ಕಟ್ತಿದ್ರೆ ಆ ಪೈಪನ್ನ ಕಸಕ್ಕೆ ಹಾಕ್ಬೇಡಿ.

ಡಿಕ್ಕಿ ಅಂದ ಕೂಡಲೇ ನೆನಪಾಯ್ತು. ತೂಕ ಹಿಂದಕ್ಕೆ ಹೋಗ್ಲಿ ಅಂತ ಬ್ಯಾಟರಿಯನ್ನ ಹಿಂದಿಡೋರು, ಮುಂದಿನ ಸ್ಟಾರ್ಟರ್ ತನಕ ಎಳೆಯೋ ಕೇಬಲ್ ದಪ್ಪ ಇರಬೇಕು ಅನ್ನೋದನ್ನ ಮರೀತಾರೆ. ತೆಳ್ಳನೆ ಕೇಬಲ್ ಹಾಕಿದ್ರೆ ವೋಲ್ಟೇಜು ದಾರೀಲೇ ಸೋರುತ್ತೆ. ದಪ್ಪ ಹಾಕಿದ್ರೆ? ಸಣ್ಣ ಬ್ಯಾಟರಿಯಲ್ಲಿ ಉಳಿಸಿದ ಕೆಜಿಯಲ್ಲಿ ಒಂದಿಷ್ಟನ್ನ ತಾಮ್ರದ ರೂಪದಲ್ಲಿ ವಾಪಸ್ ಕಾರೊಳಗೆ ತಂದಿರಿ. (ಅದನ್ನ ತೂಕದ ಮಷೀನ್ ಮೇಲಿಟ್ರಾ? ಇಲ್ಲ, ನನಗ್ಗೊತ್ತಿತ್ತು.)

ಕೂರಿಸೋದರಲ್ಲಿ ಸೋಮಾರಿತನ ಬೇಡ. ಕೇಬಲ್ ಟೈ ಕಟ್ಟಿ 'ಟೆಂಪರರಿ' ಅಂತೀರಲ್ಲ, ಆ ಟೆಂಪರರಿ ಎಷ್ಟು ವರ್ಷದ್ದು ಅಂತ ಇಬ್ಬರಿಗೂ ಗೊತ್ತು. ಲೋಹದ ಪಟ್ಟಿ ಬಿಗಿದು ಕೂರಿಸಿ, ಪ್ಲಸ್ ಮೇಲೆ ರಬ್ಬರ್ ಟೋಪಿ ಹಾಕಿ. ಅಲ್ಯೂಮಿನಿಯಂ ಬಾನೆಟ್ ಒಂದು ಗುಂಡಿಯಲ್ಲಿ ಕುಣಿದು ಪ್ಲಸ್‌ಗೆ ತಾಗಿದ್ರೆ ವೆಲ್ಡಿಂಗ್ ಕಲಿಯೋಕೆ ಕ್ಲಾಸಿಗೆ ಹೋಗಬೇಕಾಗಿಲ್ಲ. ಬಿಚ್ಚೋವಾಗ ಮೈನಸ್ ಮೊದಲು, ಹಾಕೋವಾಗ ಮೈನಸ್ ಕೊನೆಗೆ. ಬೆರಳಲ್ಲಿರೋ ಉಂಗುರ ತೆಗೆದು ಪಕ್ಕಕ್ಕಿಡಿ, ಎಲ್ಲಿಟ್ರಿ ಅನ್ನೋದನ್ನೂ ನೆನಪಿಡಿ.

ಅಳತೆಯನ್ನೂ ಮೊದಲೇ ತಗೊಳ್ಳಿ. ಬ್ರ್ಯಾಕೆಟ್ ವೆಲ್ಡ್ ಮಾಡಿ, ಪೇಂಟ್ ಹೊಡೆದು, ಫೋಟೋ ತೆಗೆದು ಊರಿಗೆಲ್ಲ ವಾಟ್ಸಾಪ್ ಮಾಡಿದ ಮೇಲೆ ಬ್ಯಾಟರಿ ಅರ್ಧ ಬೆರಳು ಎತ್ತರ ಜಾಸ್ತಿ ಅಂತ ಗೊತ್ತಾಗೋದು ಈ ಕುಲದ ಹಳೇ ಸಂಪ್ರದಾಯ. ಸಣ್ಣ ರೇಸಿಂಗ್ ಬ್ಯಾಟರಿಗಳಲ್ಲಿ ಎಷ್ಟೋ ಸಲ ಬೋಲ್ಟ್ ಹಾಕೋ ಟರ್ಮಿನಲ್ ಇರುತ್ತೆ, ಮಾಮೂಲಿ ಕಾರಿನ ಕ್ಲ್ಯಾಂಪ್ ಅದಕ್ಕೆ ಕೂರಲ್ಲ. ಅಂಗಡೀಲೇ ನೋಡ್ಕೊಂಡು ಬನ್ನಿ.

ಇಷ್ಟೆಲ್ಲ ಕೇಳಿ 'ಕೊನೆಗೆ ಯಾವ್ದು ತಗೊಳ್ಲಿ ಹೇಳಿ' ಅಂತೀರಿ. ಪಾರ್ಕ್ ಮಾಡೋ ಜಾಗದಲ್ಲಿ ಪ್ಲಗ್ ಪಾಯಿಂಟ್ ಇದೆಯಾ? ಇದ್ರೆ 16 ಆಂಪ್-ಅವರಿನ ಸಣ್ಣ ಎಜಿಎಂ ತಗೊಂಡು, ಕಾರ್ ನಿಲ್ಲಿಸಿದ ಕೂಡಲೇ ಎಜಿಎಂಗೆ ಹೊಂದೋ ಸ್ಮಾರ್ಟ್ ಚಾರ್ಜರ್ ಸಿಕ್ಕಿಸಿಬಿಡಿ. ಬೀದಿಯಲ್ಲಿ ನಿಲ್ಲಿಸೋರಾದ್ರೆ, ಅಲಾರ್ಮು ಟ್ರ್ಯಾಕರು ಎರಡೂ ಇದ್ರೆ, ಸುಮ್ಮನೆ ಒಂದು ಚಿಕ್ಕ ಹ್ಯಾಚ್‌ಬ್ಯಾಕ್ ಕಾರಿನ 35 ಆಂಪ್-ಅವರ್ ಅಳತೆಯ ಸೀಲ್ಡ್ ಬ್ಯಾಟರಿ ಹಾಕಿ. ಮೂರು ಕೆಜಿ ಜಾಸ್ತಿ ಆದ್ರೆ ಆಗ್ಲಿ, ಬೆಳಗ್ಗೆ ಸೆಲ್ಫ್ ಹೊಡೆದ್ರೆ ಎದ್ದೇಳುತ್ತೆ.

ಚಾರ್ಜರಿಗೂ ಜಾಗವಿಲ್ಲ, ದೊಡ್ಡ ಬ್ಯಾಟರಿಗೂ ಮನಸ್ಸಿಲ್ಲ ಅನ್ನೋರಿಗೆ ಐಸೊಲೇಟರ್ ಸ್ವಿಚ್ ಇದೆ. ಇಳಿದು ಹೋಗೋವಾಗ ಬ್ಯಾಟರಿಯ ಸಂಪರ್ಕವನ್ನೇ ಕಡಿದು ಹೋಗಿ, ಎಂಜಿನ್ ಪೂರ್ತಿ ನಿಂತ ಮೇಲೆ. (ಓಡ್ತಿರೋವಾಗ ಕಡಿದ್ರೆ ಆಲ್ಟರ್ನೇಟರಿನ ಡಯೋಡು ಸುಟ್ಟು ಹೋದೀತು, ಆಮೇಲೆ ನನ್ನ ಹೆಸರು ಹೇಳ್ಬೇಡಿ.) ಸಂಪರ್ಕ ಕಡಿದಾಗ ಅಲಾರ್ಮೂ ಮಲಗುತ್ತೆ, ಇನ್ಶೂರೆನ್ಸ್ ಪೇಪರಲ್ಲಿ ಅದರ ಬಗ್ಗೆ ಏನು ಬರೆದಿದೆ ಅಂತ ಒಮ್ಮೆ ಓದ್ಕೊಳ್ಳಿ.

ಹೋಗೋಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಕಾರ್ ಒಂದು ರಾತ್ರಿ ಸುಮ್ಮನೆ ನಿಂತ ಮೇಲೆ ಬ್ಯಾಟರಿಗೆ ಮೀಟರ್ ಹಿಡೀರಿ. ಲೆಡ್ ಆಸಿಡ್ ಅಥವಾ ಎಜಿಎಂ ಬ್ಯಾಟರಿಯಲ್ಲಿ 12.7 ವೋಲ್ಟ್ ಅಥವಾ ಮೇಲೆ ಇದ್ರೆ ಹೊಟ್ಟೆ ತುಂಬಿದೆ. 12.2 ಇದ್ರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ರೆ ಹೊಸ ಬ್ಯಾಟರಿ ಹುಡುಕೋದು ನಿಲ್ಲಿಸಿ, ಇವತ್ತೇ ಚಾರ್ಜಿಗೆ ಹಾಕಿ.